ಒಲೆಯ ಪ್ರಶ್ನೆಯೂ ಪೆಲೆಟ್ ಉರುವಲೂ

ಕಟ್ಟಿಗೆಯ ಪುಡಿಯನ್ನೂ ಹೊಲದ ಕಸಕಡ್ಡಿಯನ್ನೂ ಯಂತ್ರದಲ್ಲಿ ಅದುಮಿ ತಯಾರಿಸುವ ‘ಪೆಲೆಟ್’ ಎಂಬ ಉರುವಲಿನ ಹೆಸರು ಕೆಲವು ವರ್ಷಗಳಿಂದ ಸರಕಾರದ ಪ್ರಕಟನೆಗಳಲ್ಲಿಯೂ ವ್ಯಾಪಾರಿಗಳ ಜಾಹೀರಾತುಗಳಲ್ಲಿಯೂ ಪದೇ ಪದೇ ಕಾಣಿಸಿಕೊಳ್ಳುತ್ತಿರುವದು ವಾಚಕರಿಗೆ ವಿದಿತವೇ ಇದೆ. ಯುರೋಪ ಖಂಡದಲ್ಲಿ ಲಕ್ಷಾವಧಿ ಮನೆಗಳು ಚಳಿಗಾಲದಲ್ಲಿ ಈ ಗುಳಿಗೆಗಳಿಂದಲೇ ಬೆಚ್ಚಗಾಗುತ್ತವೆ. ಇತ್ತ ನಮ್ಮ ಕೃಷ್ಣಾತೀರದಲ್ಲಿ ಕಬ್ಬು ಕಡಿದ ಮರುದಿನವೇ ರವದಿಗೆ ಬೆಂಕಿ ಬೀಳುತ್ತದೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳು ಬದುವಿನಲ್ಲಿ ಬಿದ್ದು ಗೆದ್ದಲಿಗೆ ಆಹಾರವಾಗುತ್ತವೆ. ಹೀಗಿರುವಾಗ ನಾವೂ ಗುಳಿಗೆ ಮಾಡಿ ಮನೆಯ ಉರುವಲಿಗೆ ಯಾಕೆ ಉಪಯೋಗಿಸಬಾರದು, ವಿದೇಶದಿಂದ ಹಡಗಿನಲ್ಲಿ ಬರುವ ಗ್ಯಾಸಿಗೆ ಯಾಕೆ ಕಾಯುತ್ತ ಕೂಡಬೇಕು ಎಂಬ ಪ್ರಶ್ನೆಯನ್ನು ಹಿಪ್ಪರಗಿ, ಬನಹಟ್ಟಿ, ಜಮಖಂಡಿಗಳ ವಿಚಾರವಂತರು ಕೇಳುವದು ಸಹಜವೇ ಆಗಿದೆ. ನಮ್ಮ ದೇಶವು ಬಳಸುವ ಅಡಿಗೆ ಗ್ಯಾಸಿನ ಅರ್ಧಕ್ಕೂ ಮಿಕ್ಕ ಪಾಲು ಹೊರಗಿನಿಂದ ಬರತಕ್ಕದ್ದು; ಅದರಲ್ಲಿ ಬಹುಭಾಗವು ಅರಬಸ್ತಾನದ ಕೊಲ್ಲಿಯಿಂದ ಬರುತ್ತದೆ. ಸ್ವದೇಶೀ ತತ್ತ್ವವನ್ನು ನೂಲು-ನೇಯ್ಗೆಗೆ ಅನ್ವಯಿಸಿ ಒಲೆಗೆ ಅನ್ವಯಿಸದೆ ಬಿಡುವದು ಸರಿಯಲ್ಲವೆಂಬುದು ನಮ್ಮ ಮತವೂ ಹೌದು. ಆದರೂ ಈ ವಿಷಯದಲ್ಲಿ ಉತ್ಸಾಹಕ್ಕಿಂತ ಮೊದಲು ಲೆಕ್ಕವು ಆಗಬೇಕಾಗಿರುವದು.

ಮೊದಲು ಆ ವಸ್ತು ಯಾವದೆಂಬುದನ್ನು ನೋಡುವಾ. ಒಣಗಿದ ಕಟ್ಟಿಗೆಯನ್ನು ಹಿಟ್ಟಿನಂತೆ ಪುಡಿಮಾಡಿ, ರಂಧ್ರಗಳುಳ್ಳ ಉಕ್ಕಿನ ಅಚ್ಚಿನೊಳಗಿಂದ ಭಾರೀ ಒತ್ತಡದಿಂದ ಹಾಯಿಸುತ್ತಾರೆ. ಆ ಒತ್ತಡದ ಬಿಸಿಗೆ ಕಟ್ಟಿಗೆಯೊಳಗಿರುವ ಲಿಗ್ನಿನ್ ಎಂಬ ದ್ರವ್ಯವು ಮೆತ್ತಗಾಗಿ, ಆರಿದ ಮೇಲೆ ತಾನೇ ಅಂಟಾಗಿ ನಿಲ್ಲುವದರಿಂದ, ಬೇರೆ ಅಂಟು ಬೇಕಾಗುವದಿಲ್ಲ. ಯುರೋಪದಲ್ಲಿ ಮನೆಗೆ ಮಾರುವ ಉತ್ತಮ ತರಗತಿಯ ಗುಳಿಗೆಯು 6 ಇಲ್ಲವೆ 8 ಮಿಲಿಮೀಟರ್ ದಪ್ಪವಿರಬೇಕು; ತೇವಾಂಶವು ಶೇಕಡಾ 10ನ್ನು ಮೀರಬಾರದು; ಸುಟ್ಟ ಮೇಲೆ ಉಳಿಯುವ ಬೂದಿಯು ಶೇಕಡಾ 0.7ಕ್ಕಿಂತ ಹೆಚ್ಚಾಗಬಾರದು. ಇಂಥ ಎರಡು ಕಿಲೋ ಗುಳಿಗೆಯು ಸುಮಾರು ಒಂದು ಲೀಟರು ಎಣ್ಣೆಯಷ್ಟು ಶಾಖವನ್ನು ಕೊಡುವದು. ಹಸಿ ಕಟ್ಟಿಗೆಯ ಶಕ್ತಿಯಲ್ಲಿ ಒಂದು ಪಾಲು ತನ್ನೊಳಗಿನ ನೀರನ್ನು ಆವಿ ಮಾಡುವದರಲ್ಲಿಯೇ ವ್ಯರ್ಥವಾಗುವದನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಒಣ ಉರುವಲಿನ ಬೆಲೆಯನ್ನು ವಿವರಿಸಬೇಕಾದ ಕಾರಣವಿಲ್ಲ.

ಯುರೋಪದ ಒಲೆಯಾದರೂ ನಮ್ಮ ಒಲೆಯಂಥದಲ್ಲ. ಮೇಲೊಂದು ಡಬ್ಬಿಯಲ್ಲಿ ಗುಳಿಗೆ ತುಂಬಿದರೆ, ವಿದ್ಯುತ್ತಿನಿಂದ ತಿರುಗುವ ಒಂದು ತಿರುಪು ಅದನ್ನು ಹಿಡಿ ಹಿಡಿಯಾಗಿ ಬೆಂಕಿಯ ಬಟ್ಟಲಿಗೆ ನೂಕುತ್ತದೆ. ಒಂದು ಪಂಖೆಯು ಗಾಳಿಯನ್ನು ಊದುತ್ತದೆ. ಹೊಗೆಯು ಕೊಳವೆಯ ಮುಖಾಂತರ ಹೊರಗೆ ಹೋಗುತ್ತದೆ. ಕರೆಂಟು ಹೋದರೆ ಒಲೆಯೂ ನಿಲ್ಲುತ್ತದೆ. ಗುಳಿಗೆಗೆ ನೀರು ತಾಕಿದರೆ ಅದು ಕ್ಷಣಾರ್ಧದಲ್ಲಿ ಉಬ್ಬಿ ಮತ್ತೆ ಹೊಟ್ಟಾಗುವದು. ಆದ್ದರಿಂದ ವರ್ಷದ ಸಂಗ್ರಹವನ್ನು ಒಣ ಕೋಣೆಯಲ್ಲಿಯೇ ಇಡಬೇಕು. ಆ ಕೋಣೆಯೂ ನಿರಪಾಯವಲ್ಲ. ದೊಡ್ಡ ರಾಶಿಯಾಗಿ ಮುಚ್ಚಿಟ್ಟ ಹೊಸ ಗುಳಿಗೆಗಳು ತಾವಾಗಿಯೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವನ್ನು ಬಿಡುತ್ತವೆ; ಗಾಳಿಯಾಡದ ಉಗ್ರಾಣಕ್ಕೆ ಇಳಿದವರು ಸತ್ತುಬಿದ್ದ ಉದಾಹರಣೆಗಳು ಯುರೋಪದಲ್ಲಿವೆ. ಇನ್ನು ಬೆಲೆಯ ಮಾತು. 2022ನೆಯ ಇಸ್ವಿಯಲ್ಲಿ ರಶಿಯಾ ದೇಶವು ಯುಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಯುರೋಪದ ಒಕ್ಕೂಟವು ರಶಿಯಾ, ಬೆಲಾರೂಸಗಳ ಕಟ್ಟಿಗೆಯ ಆಮದನ್ನು ನಿಲ್ಲಿಸಿತು; ಆ ವರ್ಷವೇ ಜರ್ಮನಿಯಲ್ಲಿ ಗುಳಿಗೆಯ ಬೆಲೆಯು ಇಮ್ಮಡಿಗೂ ಏರಿತು. ಎಣ್ಣೆಯ ದಾಸ್ಯವನ್ನು ತಪ್ಪಿಸಿಕೊಳ್ಳಲು ಗುಳಿಗೆಯ ಮೊರೆಹೊಕ್ಕವರಿಗೆ ಗುಳಿಗೆಯೂ ಪೇಟೆಯ ಸರಕೆಂಬುದು ಆಗ ಗೊತ್ತಾಯಿತು. ಇದನ್ನು ನಾವು ಮುಂದೆ ಮತ್ತೊಮ್ಮೆ ನೆನೆಯಬೇಕಾಗುವದು.

ನಮ್ಮ ಸೀಮೆಯಲ್ಲಿ ಮನೆಯನ್ನು ಬೆಚ್ಚಗಿಡುವ ಪ್ರಶ್ನೆಯೇ ಬೇರೆ. ಮಾರ್ಗಶಿರ, ಪುಷ್ಯಗಳ ಮುಂಜಾವಿನ ಚಳಿಯು ಮೈ ನಡುಗಿಸುವದೇನೋ ನಿಜ. ಆದರೆ ಹೊತ್ತೇರಿದರೆ ಬಿಸಿಲೇ ಸಾಕು, ಉಳಿದದ್ದಕ್ಕೆ ಕಂಬಳಿ-ಕೌದಿಗಳಿವೆ. ಇಡಿಯ ಮನೆಗೆ ಶಾಖ ಕೊಡುವ ಅವಶ್ಯಕತೆಯು ಹಿಪ್ಪರಗಿಗೂ ಇಲ್ಲ, ಜಮಖಂಡಿಗೂ ಇಲ್ಲ. ನಮ್ಮ ಮನೆಗಳಲ್ಲಿ ಉರಿಯುವ ಬೆಂಕಿಗಳು ಮೂರು: ಅಡಿಗೆಯ ಒಲೆ, ಬಚ್ಚಲದ ಬಂಬ, ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆ. ಮೊದಲಿನೆರಡರ ವಿಷಯವಾಗಿ ಎಲ್ಲರೂ ಮಾತಾಡುತ್ತಾರೆ. ಮೂರನೆಯದರ ವಿಷಯವಾಗಿ ಗಂಡಸರು ಮಾತಾಡುವದು ಕಡಿಮೆ. ಆದುದರಿಂದ ನಾವು ಅದನ್ನೇ ಮೊದಲು ಎತ್ತಿಕೊಳ್ಳುತ್ತೇವೆ.

ಹೆರಿಗೆಯಾದ ಮನೆಯಲ್ಲಿ ಬಾಣಂತಿಯ ಹೊರಸಿನ ಕೆಳಗೋ ಮಗ್ಗುಲಿಗೋ ಕೆಂಡದ ಬುಟ್ಟಿಯನ್ನಿಟ್ಟು ಕಾಸುವ ರೂಢಿಯು ಈ ಭಾಗದಲ್ಲಿ ಪುರಾತನವಾದದ್ದು. ಗಾಳಿ ಸೋಂಕಬಾರದೆಂದು ಕಿಟಕಿಗೆ ಅರಿವೆ ತುರುಕುತ್ತಾರೆ, ಬಾಗಿಲಿಗೆ ಕಂಬಳಿ ಕಟ್ಟುತ್ತಾರೆ. ಮೇಲೆ ಲೋಬಾನದ ಹೊಗೆಯನ್ನೂ ಹಾಕುತ್ತಾರೆ. ತಾಯಿ-ಕೂಸುಗಳಿಗೆ ಬೆಚ್ಚಗಿನ ಸ್ಥಳ ಬೇಕೆಂಬ ತಿಳುವಳಿಕೆಯನ್ನು ನಾವು ಹಳಿಯಲಾರೆವು. ಹುಟ್ಟಿದ ಕೂಸಿಗೆ ಚಳಿಯು ವೈರಿಯೆಂದು ವೈದ್ಯರೂ ಹೇಳುತ್ತಾರೆ. ಆದರೆ ಹೊಗೆ ಕಾಣದೆ ಕೆಂಪಗೆ ಉರಿಯುವ ಕೆಂಡವೇ ಮೇಲೆ ಹೇಳಿದ ಆ ವಿಷವಾಯುವಿನ ತವರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ ನಿದ್ದೆ ಬಂದಂತಾಗುವದೇ ಅದರ ಗುರುತು. ನಿದ್ದೆಯಲ್ಲಿರುವ ಬಾಣಂತಿಗೂ ಮಾತು ಬಾರದ ಕೂಸಿಗೂ ಆ ಗುರುತು ತಿಳಿಯುವದು ಹೇಗೆ? ಹೊಗೆಯಿಲ್ಲದ ಬೆಂಕಿಯು ನಿರುಪದ್ರವಿಯೆಂಬ ಭ್ರಮೆಯನ್ನು ಬಿಡಬೇಕು. ಕೊಳವೆಯಿಲ್ಲದ ಪೆಲೆಟ್ ಒಲೆಯನ್ನು ಈ ಕೋಣೆಗೆ ತಂದರೂ ಪರಿಣಾಮವು ಅದೇ. ಕೆಂಡವನ್ನು ಹೊರಗಿನ ಪಡಸಾಲೆಯಲ್ಲಿಟ್ಟು, ಕಾಸಿದ ಅರಿವೆಯನ್ನೂ ಬಿಸಿನೀರಿನ ಚೀಲವನ್ನೂ ಒಳಗೆ ಒಯ್ಯುವದು, ಕೂಸನ್ನು ತಾಯಿಯ ಎದೆಗೆ ಹಚ್ಚಿ ಮಲಗಿಸುವದು, ಬೆಂಕಿ ಒಳಗಿರಲೇಬೇಕಾದರೆ ಎದುರುಬದುರಾಗಿ ಎರಡು ಕಡೆ ಗಾಳಿಗೆ ದಾರಿ ಬಿಡುವದು, ರಾತ್ರಿ ಮಲಗುವ ಮುಂಚೆ ಬುಟ್ಟಿಯನ್ನು ಹೊರಗೆ ಹಾಕುವದು, ಇಷ್ಟು ಮಾಡಲು ಕಾಸೂ ಬೇಡ, ಯಂತ್ರವೂ ಬೇಡ. ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ, ಅಂಗನವಾಡಿಗಳಿವೆ. ಈ ಮಾತು ಮನೆಯ ಅಜ್ಜಿಯ ಕಿವಿಗೆ ಮುಟ್ಟಿದರೆ ಸಾಕು, ಯಾಕಂದರೆ ಆ ಕೋಣೆಯ ಅಧಿಕಾರವು ಅವಳದೇ ಇರುವದು.

ಈಗ ಅಡಿಗೆಯ ಒಲೆಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡಿಗೆಗೆ ಗ್ಯಾಸು ಮೊದಲಾದ ಶುದ್ಧ ಉರುವಲನ್ನು ಬಳಸುವ ಮನೆಗಳು ಇಡಿಯ ಭಾರತದಲ್ಲಿ ಶೇಕಡಾ 58.6, ಹಳ್ಳಿಗಳಲ್ಲಿ ಶೇಕಡಾ 43.2 ಮಾತ್ರ. 2016ನೆಯ ಇಸ್ವಿ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಸಿಲಿಂಡರು ಬಡವರ ಮನೆಯನ್ನು ಹೊಕ್ಕಿದೆಯೆಂಬುದು ನಿಸ್ಸಂಶಯ. ಆದರೆ ಹೊಕ್ಕ ಸಿಲಿಂಡರು ಚಹಾಕ್ಕೂ ಅವಸರದ ಪಲ್ಯಕ್ಕೂ ಮೀಸಲಾಗಿ, ರೊಟ್ಟಿಯೂ ಜಳಕದ ನೀರೂ ಕಟ್ಟಿಗೆಯ ಮೇಲೆಯೇ ಉಳಿದ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ! ಅಡಿಗೆಮನೆಯ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನರು ಅಕಾಲಮರಣಕ್ಕೀಡಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿದೆ. ಇವರಲ್ಲಿ ಹೆಂಗಸರು ಮಕ್ಕಳೇ ಬಹಳ.

ಪೆಲೆಟ್ ಒಲೆಯು ನಮ್ಮ ನಾಡಿಗೆ ಹೊಸದೆಂದು ತಿಳಿಯುವವರು ಹಿಂದಿನ ವೃತ್ತಾಂತವನ್ನು ಮರೆತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ ತಯಾರಾದ ‘ಊರ್ಜಾ’ ಎಂಬ ಒಲೆಯನ್ನು 2006ನೆಯ ಇಸ್ವಿಯಿಂದ ಬಿ. ಪಿ. ಎಂಬ ಬ್ರಿಟಿಶ್ ಎಣ್ಣೆಯ ಕಂಪನಿಯು ಮಾರಾಟಕ್ಕೆ ತಂದಿತು. ಮುಂದೆ ಆ ವ್ಯವಹಾರವು ಫಸ್ಟ್ ಎನರ್ಜಿ ಎಂಬ ಕಂಪನಿಯ ಕೈಗೆ ಬಂದಿತು. ಚಿಕ್ಕ ಪಂಖೆ, ತುಂಬಿಸಬಹುದಾದ ಬ್ಯಾಟರಿ, ಹೊಲದ ಕಸದ ಗುಳಿಗೆ. ಬೆಂಕಿಯೋ ಗ್ಯಾಸಿನ ಹಾಗೆ ನೀಲಿ-ಹಳದಿಯಾಗಿ, ಹೊಗೆಯಿಲ್ಲದೆ ಉರಿಯುವದು. ಮನೆಗಳಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಒಲೆಗಳು ಹೋದವು. ಜಗತ್ತಿನಲ್ಲಿ ಆ ಜಾತಿಯ ಒಲೆಯ ಇಷ್ಟು ದೊಡ್ಡ ವ್ಯಾಪಾರವು ಅದಕ್ಕೆ ಮುಂಚೆ ಆಗಿರಲಿಲ್ಲ. ಅನಂತರ ಮಹಾರಾಷ್ಟ್ರ-ಕರ್ನಾಟಕಗಳ 998 ಮನೆಗಳನ್ನು ವಿಚಾರಿಸಿ ಸಂಶೋಧಕರು 2014ರಲ್ಲಿ ಪ್ರಕಟಿಸಿದ ವರದಿಯನ್ನು ನೋಡಿದರೆ, ಕೊಂಡವರಲ್ಲಿ ಶೇಕಡಾ 9ರಷ್ಟು ಮನೆಗಳಷ್ಟೇ ಅದನ್ನು ಇನ್ನೂ ಉಪಯೋಗಿಸುತ್ತಿದ್ದವು!

ಯಾಕೆ ಹೀಗಾಯಿತು? ಒಲೆಯು ಕೆಟ್ಟದಿತ್ತೆಂದಲ್ಲ. ಅಗ್ಗದಲ್ಲಿ ಹೊಲದ ಕಸವು ಸಿಕ್ಕೀತೆಂಬ ಕಂಪನಿಯ ಎಣಿಕೆಯೇ ತಪ್ಪಿತು. ರೈತನು ತನ್ನ ಕಸಕ್ಕೆ ಗಿರಾಕಿಯಿದ್ದಾನೆಂದು ತಿಳಿದ ದಿನವೇ ಕಸಕ್ಕೆ ಬೆಲೆ ಬಂದಿತು. ಕಸದ ಬೆಲೆ ಏರಿದಂತೆ ಗುಳಿಗೆಯ ಬೆಲೆಯೂ ಏರಿತು. ಗುಳಿಗೆಯ ಬೆಲೆ ಏರಿದಂತೆ ಒಲೆಯು ಅಟ್ಟ ಸೇರಿತು. ಆ ಒಲೆಗೆ ಬೇರೆ ಕಟ್ಟಿಗೆಯನ್ನು ಹಾಕಲಿಕ್ಕೂ ಬರುತ್ತಿರಲಿಲ್ಲ. ಕೊನೆಗೆ ಕಂಪನಿಯು ಮನೆಗಳನ್ನು ಬಿಟ್ಟು ಖಾನಾವಳಿ-ಹೊಟೆಲುಗಳ ಕಡೆಗೆ ತಿರುಗಿ ಚೇತರಿಸಿಕೊಂಡಿತು. ಇನ್ನೊಂದು ಸಂಗತಿಯೂ ಆ ವರದಿಯಲ್ಲಿರುವದು: ಒಲೆಯನ್ನು ಹೆಚ್ಚಾಗಿ ಕೊಂಡವರು ಹೊಗೆಯಲ್ಲಿ ಬೇಯುವ ಬಡವರಲ್ಲ, ಗ್ಯಾಸಿನ ಖರ್ಚು ಉಳಿಸಬೇಕೆಂದಿದ್ದ ಗ್ಯಾಸಿನ ಮನೆಯವರೇ. ಆರೋಗ್ಯದ ಉಪದೇಶವು ಯಾರ ಕೈಯಿಂದಲೂ ಹಣ ಬಿಚ್ಚಿಸಲಿಲ್ಲ.

ಇದರ ಮೇಲಿಂದ ವಾಚಕರು ತಮ್ಮ ಮನೆಯ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. 14.2 ಕಿಲೋ ಗ್ಯಾಸಿನ ಒಂದು ಸಿಲಿಂಡರಿನಲ್ಲಿ, ಕಿಲೋಕ್ಕೆ ಸುಮಾರು 11,000 ಕಿಲೋಕ್ಯಾಲರಿಯಂತೆ, ಒಂದು ಲಕ್ಷ ಐವತ್ತು ಸಾವಿರಕ್ಕೂ ಮೇಲ್ಪಟ್ಟ ಶಾಖವಿದೆ. ಅದರಲ್ಲಿ ಪಾತ್ರೆಗೆ ಮುಟ್ಟುವದು ಸುಮಾರು ಶೇಕಡಾ 60. ಹೊಲದ ಕಸದ ಗುಳಿಗೆಯಲ್ಲಿ ಕಿಲೋಕ್ಕೆ 3,500ರಿಂದ 4,000 ಇರುವದು. ಒಳ್ಳೆಯ ಪಂಖೆಯೊಲೆಯಲ್ಲಿಯೂ ದಿನನಿತ್ಯದ ಬಳಕೆಯಲ್ಲಿ ಪಾತ್ರೆಗೆ ಮುಟ್ಟುವದು ಮೂರರಲ್ಲೊಂದು ಪಾಲೆಂದೇ ಹಿಡಿಯುವದು ಜಾಣತನ. ಹೀಗೆ ಲೆಕ್ಕ ಹಾಕಿದರೆ ಒಂದು ಸಿಲಿಂಡರಿನ ಕೆಲಸಕ್ಕೆ ಸುಮಾರು 70 ಕಿಲೋ ಗುಳಿಗೆ ಬೇಕು. ಅಂದರೆ ನಿಮ್ಮ ಮನೆಗೆ ಬರುವ ಸಿಲಿಂಡರಿನ ದರವನ್ನು 70ರಿಂದ ಭಾಗಿಸಿರಿ. ಬಂದ ಮೊತ್ತಕ್ಕಿಂತ ಕಿಲೋ ಗುಳಿಗೆಯು ಸಾಕಷ್ಟು ಅಗ್ಗವಾಗಿದ್ದರೆ ಮಾತ್ರ ವ್ಯಾಪಾರಿಯ ಮಾತನ್ನು ಕೇಳಿರಿ. ಸಾಕಷ್ಟು ಎಂದೆವು, ಯಾಕಂದರೆ ಗುಳಿಗೆ ತುಂಬುವ, ಬೂದಿ ತೆಗೆಯುವ, ಬ್ಯಾಟರಿಗೆ ಕರೆಂಟು ಹಚ್ಚುವ ಶ್ರಮವನ್ನು ಮನೆಯಾಕೆಯ ಲೆಕ್ಕಕ್ಕೆ ಹಾಕಿ ನಾವು ಉಳಿತಾಯವೆಂದು ಬೀಗಬಾರದು. ಇಂಥ ಒಲೆಗೆ ಮೇಲಿಂದ ಕಿಚ್ಚು ಹೊತ್ತಿಸಬೇಕು, ನಡುವೆ ಗುಳಿಗೆ ಹಾಕುವದು ಕಠಿಣ, ಬೇಕೆಂದಾಗ ಆರಿಸುವದೂ ಕಠಿಣ. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಕೆಂಡದ ಮಗ್ಗುಲಿಗೆ ನಿಲ್ಲಿಸಿ ಉಬ್ಬಿಸುವ ಅನುಕೂಲವು ಅದರಲ್ಲಿಲ್ಲ. ಈ ಮಾತನ್ನು ಒಲೆಯ ಶಾಸ್ತ್ರಜ್ಞರು ಕ್ಷುಲ್ಲಕವೆಂದಾರು, ನಮ್ಮ ಮನೆಗಳಲ್ಲಿ ಯಾರೂ ಹಾಗೆನ್ನಲಾರರು.

ಬಂಬದ ಮಾತೇ ಬೇರೆ. ಜಳಕದ ನೀರು ಕಾಯಿಸುವದಕ್ಕೆ ಸೂಕ್ಷ್ಮ ಉರಿ ಬೇಡ, ಬಂಬದ ನಡುವೆ ಕೊಳವೆಯು ಇದ್ದೇ ಇದೆ, ಬಹುತರ ಅದು ಅಂಗಳದಲ್ಲಿಯೋ ಹಿತ್ತಿಲಲ್ಲಿಯೋ ಇರುವದು. ಗುಳಿಗೆಯು ಈ ಭಾಗದ ಮನೆಗೆ ಮೊದಲು ಬರುವದಾದರೆ ಬಂಬದ ಬಾಯಿಂದಲೇ ಬರಬೇಕೆಂದು ನಮಗೆ ತೋರುತ್ತದೆ. ಬಿಸಿಲಿನಿಂದ ನೀರು ಕಾಯಿಸುವ ಸಾಧನವು ಮಾಳಿಗೆಯ ಮೇಲಿರುವ ಸ್ಥಿತಿವಂತರಿಗೆ ಇದು ಬೇಕಾಗಲಿಕ್ಕಿಲ್ಲ. ಮೋಡ ಕವಿದ ಆಷಾಢ-ಶ್ರಾವಣಗಳಲ್ಲಿ ಅವರಿಗೂ ಬಂಬವೇ ಗತಿ.

ಹಾಗಾದರೆ ಕಚ್ಚಾ ಮಾಲು ಎಷ್ಟಿದೆ, ಯಾರದು? ಹಿಪ್ಪರಗಿಯ ಬ್ಯಾರೇಜಿನಿಂದ ಕೃಷ್ಣೆಯ ನೀರು ನಿಂತ ಮೇಲೆ ಎರಡೂ ದಂಡೆಗಳಲ್ಲಿ ಕಬ್ಬು ಹಬ್ಬಿರುವದನ್ನು ಕಣ್ಣಿದ್ದವರು ಕಂಡಿದ್ದಾರೆ. ಕಬ್ಬಿನ ಸಿಪ್ಪೆಯು ನಮ್ಮ ಪಾಲಿಗಿಲ್ಲ. ಸಮೀರವಾಡಿ, ಮುಧೋಳ ಮೊದಲಾದೆಡೆಯ ಸಕ್ಕರೆ ಕಾರ್ಖಾನೆಗಳು ಅದನ್ನು ತಮ್ಮ ಬಾಯ್ಲರಿನಲ್ಲಿ ಉರಿಸಿ ವಿದ್ಯುತ್ತನ್ನು ಹುಟ್ಟಿಸುತ್ತವೆ. ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣಗಳ ಒಲೆಗೂ ಅದೇ ಉರುವಲು. ಉಳಿಯುವದು ರವದಿ. ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ನು ಒಣ ರವದಿಯು ಹೊಲದಲ್ಲಿ ಬೀಳುತ್ತದೆ. ಅದನ್ನು ಸುಡುವದು ಪಾಪವೇ ಸರಿ. ಆದರೆ ಸುಡಬಾರದೆಂದ ಮಾತ್ರಕ್ಕೆ ಎಲ್ಲವನ್ನೂ ಹೊಲದಿಂದ ಹೊರಿಸಬೇಕೆಂದು ಆಗಲಿಲ್ಲ. ಕುಳೆ ಬೆಳೆಯ ಸಾಲುಗಳ ನಡುವೆ ರವದಿಯನ್ನು ಹೊದಿಸಿದರೆ ಹಸಿ ಉಳಿಯುವದು, ಕಳೆ ಅಡಗುವದು, ಕೊಳೆತು ಮಣ್ಣಾಗುವದು. ಅತಿಯಾಗಿ ನೀರುಂಡು ಸವಳಾಗುತ್ತಿರುವ ನಮ್ಮ ಎರೆಹೊಲಗಳಿಗೆ ಗೊಬ್ಬರವೂ ಒಂದು ಔಷಧಿಯಲ್ಲವೇ? ಮೇಲಾಗಿ ರವದಿಯು ಗುಳಿಗೆಗೆ ಉತ್ತಮ ಮಾಲೂ ಅಲ್ಲ. ಅದರಲ್ಲಿ ಬೂದಿಯು ಶೇಕಡಾ ಐದಕ್ಕೂ ಮಿಕ್ಕಿ ಇರುವದು. ಅದರೊಳಗಿನ ಕ್ಷಾರಗಳು ಬಿಸಿಗೆ ಕರಗಿ ಒಲೆಯ ತಳದಲ್ಲಿ ಕಿಟ್ಟವಾಗಿ ಹೆಪ್ಪುಗಟ್ಟುತ್ತವೆ. ಜೋಳದ ಕಣಿಕೆಯಂತೂ ದನಗಳ ಅನ್ನ; ಅದನ್ನು ಮುಟ್ಟುವ ಮಾತೇ ಬೇಡ.

ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಶೇಂಗಾದ ಸಿಪ್ಪೆ, ಅಡ್ಡೆಗಳಲ್ಲಿ ಬೀಳುವ ಕಟ್ಟಿಗೆಯ ಹೊಟ್ಟು, ಮತ್ತು ಹಳ್ಳ-ಬೀಳುಗಳನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿ: ನಮ್ಮ ಗುಳಿಗೆಗೆ ತಕ್ಕ ಮಾಲು ಇವೇ. ಜಾಲಿಯ ಕಟ್ಟಿಗೆಯು ಉರುವಲಿನಲ್ಲಿ ಯಾವದಕ್ಕೂ ಸೋಲುವದಿಲ್ಲ, ಕಡಿದಷ್ಟೂ ಚಿಗಿಯುತ್ತದೆ, ಕಡಿಯುವ ಕೂಲಿಯು ಊರಲ್ಲಿಯೇ ಉಳಿಯುತ್ತದೆ. ಬೀಳಗಿ ತಾಲೂಕಿನಲ್ಲಿ ಹಿನ್ನೀರಿಗೆ ಹೊಲ ಕಳೆದುಕೊಂಡು ಕೂಲಿಗೆ ಇಳಿದ ಕುಟುಂಬಗಳಿಗೆ ಅಷ್ಟಾದರೂ ಆಧಾರವಾದೀತು.

ಇಷ್ಟರಲ್ಲಿ ಒಲೆಗಿಂತ ಬಹು ದೊಡ್ಡ ಬಾಯಿಯೊಂದು ಅದೇ ಕಸದ ಕಡೆಗೆ ತಿರುಗಿರುವದು. 2021ನೆಯ ಇಸ್ವಿ ಅಕ್ಟೋಬರದಲ್ಲಿ ಕೇಂದ್ರ ಸರಕಾರದ ವಿದ್ಯುತ್ ಖಾತೆಯು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ತಮ್ಮ ಇದ್ದಲಿನ ಜೊತೆಗೆ ಶೇಕಡಾ 5ರಷ್ಟು ಹೊಲದ ಕಸದ ಗುಳಿಗೆಯನ್ನು ಕೂಡಿಸಿ ಸುಡಬೇಕೆಂದು ನೀತಿಯನ್ನು ಗೊತ್ತುಮಾಡಿತು. ಪಂಜಾಬ-ಹರಿಯಾಣಗಳಲ್ಲಿ ಭತ್ತದ ಹುಲ್ಲನ್ನು ಸುಟ್ಟು ದಿಲ್ಲಿಯ ಗಾಳಿ ಕೆಡುವದನ್ನು ತಪ್ಪಿಸಬೇಕೆಂಬ ಉದ್ದೇಶವು ಸ್ತುತ್ಯವೇ. ಆದರೆ ನಮ್ಮ ನೆರೆಯಲ್ಲಿ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ, 2400 ಮೆಗಾವ್ಯಾಟಿನ ಸ್ಥಾವರವಿದೆ. ಅದು ಪೂರ್ಣ ಶಕ್ತಿಯಿಂದ ನಡೆದರೆ ದಿನಕ್ಕೆ ಮೂವತ್ತು ಸಾವಿರ ಟನ್ನಿಗೂ ಮೇಲ್ಪಟ್ಟು ಇದ್ದಲು ಬೇಕೆಂದು ನಮ್ಮ ಅಂದಾಜು. ಅದರ ಶೇಕಡಾ 5 ಎಂದರೆ ದಿನಕ್ಕೆ 1500 ಟನ್ನು ಗುಳಿಗೆ. ಮನೆಯೊಂದಕ್ಕೆ ದಿನಕ್ಕೆ ಎರಡು ಕಿಲೋ ಹಿಡಿದರೆ ಇದು ಏಳೂವರೆ ಲಕ್ಷ ಒಲೆಗಳ ಉರುವಲು! ಇಂಥ ಗಿರಾಕಿಯು ಪೇಟೆಗೆ ಇಳಿದ ಮೇಲೆ ಹಿಪ್ಪರಗಿಯ ವಿಧವೆಯೊಬ್ಬಳು ತನ್ನ ಒಲೆಗೆ ಗುಳಿಗೆ ಕೊಳ್ಳುವ ದರವನ್ನು ಯಾರು ನಿಶ್ಚಯಿಸುವರು? ಇವತ್ತು ಅವಳು ಬದುವಿನಲ್ಲಿ ಪುಕ್ಕಟೆ ಆರಿಸಿ ತರುವ ಹತ್ತಿಕಟ್ಟಿಗೆಗೆ ನಾಳೆ ಹೊಲದವನು ಹಣ ಕೇಳಿದರೆ ಅದು ಅನ್ಯಾಯವೆಂದು ಹೇಳಲಿಕ್ಕೂ ಬಾರದು. ಜರ್ಮನಿಯ ಸ್ಥಿತಿವಂತನಿಗೆ 2022ರಲ್ಲಿ ಒದಗಿದ ಪೇಚು ನಮ್ಮ ಬಡವರಿಗೆ ಬೇರೊಂದು ದಾರಿಯಿಂದ ಬಂದೀತೆಂಬ ಭಯವು ನಮಗಿದೆ. ಕಸವನ್ನು ಚಿನ್ನ ಮಾಡುತ್ತೇವೆಂದು ಸಾರುವ ಅಧಿಕಾರಿಗಳು, ಆ ಕಸವು ಈಗಾಗಲೇ ಯಾರ ಅನ್ನವನ್ನು ಬೇಯಿಸುತ್ತಿದೆಯೆಂಬುದನ್ನು ಒಂದು ಸಲ ಎಣಿಸಿ ನೋಡಬೇಕಾಗಿತ್ತು.

ಆದುದರಿಂದ ನಮ್ಮ ಸೂಚನೆಗಳು ಸ್ವಲ್ಪ ಬೇರೆ ತೆರನಾಗಿವೆ. ಗುಳಿಗೆಯ ಯಂತ್ರವು ಈ ಭಾಗಕ್ಕೆ ಬರುವದಾದರೆ ಅದರ ಮೊದಲ ಗಿರಾಕಿಗಳು ರಬಕವಿ-ಬನಹಟ್ಟಿಯ ಬಣ್ಣದ ಮನೆಗಳಾಗಲಿ. ನೂಲಿಗೆ ಬಣ್ಣ ಹಾಕಲು ದಿನವಿಡೀ ಬಿಸಿನೀರು ಬೇಕು. ಉರುವಲಿನ ಖರ್ಚು ಸೀರೆಯ ಬೆಲೆಯಲ್ಲಿ ಕೂಡುತ್ತದೆ. ಒಂದೇ ಸಮನಾಗಿ ಉರಿಯುವ ಗುಳಿಗೆಯ ಲಾಭವು ಅವರಿಗೆ ನಿಜವಾಗಿಯೂ ಉಂಟು. ಅವರ ಜೊತೆಗೆ ಶಾಲೆಯ ಬಿಸಿಯೂಟದ ಅಡಿಗೆಮನೆಗಳು, ವಿದ್ಯಾರ್ಥಿನಿಲಯಗಳು, ಮಠಗಳ ದಾಸೋಹಗಳು, ಖಾನಾವಳಿಗಳು ಸೇರಲಿ. ಊರ್ಜಾ ಕಂಪನಿಯು ಮನೆಗಳಲ್ಲಿ ಸೋತ ಮೇಲೆ ಹಿಡಿದ ದಾರಿಯನ್ನು ನಾವು ಮೊದಲೇ ಹಿಡಿದರೆ ನಷ್ಟವಾದರೂ ತಪ್ಪುವದು. ಯಂತ್ರವು ಹೊರಗಿನ ಗುತ್ತಿಗೆದಾರನದಾಗಿರದೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದ್ದಾಗಿರಲಿ. ಹತ್ತಿಕಟ್ಟಿಗೆ ತಂದ ರೈತನಿಗೆ ತೂಕಕ್ಕೆ ಸರಿಯಾಗಿ ಹಣವನ್ನೋ ಗುಳಿಗೆಯನ್ನೋ ಕೊಡುವ ಪದ್ಧತಿಯಿರಲಿ. ಚೀಲದ ಮೇಲೆ ತೇವಾಂಶವನ್ನೂ ಬೂದಿಯ ಪ್ರಮಾಣವನ್ನೂ ಬರೆಯದ ಮಾಲನ್ನು ಯಾರೂ ಕೊಳ್ಳಬಾರದು. ಪರೀಕ್ಷೆಯೇನೂ ಕಠಿಣವಲ್ಲ: ಒಂದು ಕಿಲೋ ಗುಳಿಗೆಯನ್ನು ಪೂರಾ ಸುಟ್ಟು ಬೂದಿಯನ್ನು ತಕ್ಕಡಿಗೆ ಹಾಕಿರಿ, ಐವತ್ತು ಗ್ರಾಮಿಗಿಂತ ಹೆಚ್ಚು ತೂಗಿದರೆ ಅದರಲ್ಲಿ ಮಣ್ಣನ್ನೋ ರವದಿಯನ್ನೋ ಬೆರೆಸಿದ್ದಾರೆಂದು ಸಂಶಯಪಡಲು ಅಡ್ಡಿಯಿಲ್ಲ.

ಮನೆಗಳ ಮಟ್ಟಿಗೆ ಹಳೆಯ ಮಾತೊಂದನ್ನು ಹೊಸದಾಗಿ ಹೇಳಬೇಕಾಗಿದೆ. ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ವಿಭಾಗದಿಂದ ಬಂದ ಅಸ್ತ್ರ ಒಲೆಯು ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಕಟ್ಟಲ್ಪಟ್ಟಿತು. ಮೂರು ಪಾತ್ರೆ, ಒಂದು ಹೊಗೆಕೊಳವೆ; ಊರ ಮಣ್ಣು, ಊರ ಕಟ್ಟಿಗೆ. ಕರೆಂಟು ಬೇಡ, ಕಂಪನಿಯ ಗುಳಿಗೆ ಬೇಡ. ಕೊಳವೆಯ ಕಾಡಿಗೆ ತೆಗೆಯುವವರಿಲ್ಲದೆ, ಬಿರುಕಿಗೆ ಮಣ್ಣು ಮೆತ್ತುವವರಿಲ್ಲದೆ ಎಷ್ಟೋ ಒಲೆಗಳು ಹಾಳಾದವು. ಕಟ್ಟುವದಕ್ಕೆ ಅನುದಾನವಿತ್ತು, ಕಾಯುವದಕ್ಕೆ ಇರಲಿಲ್ಲ. ಗ್ಯಾಸು ತುಂಬಿಸಲು ಶಕ್ತಿಯಿಲ್ಲದ ಮನೆಗೆ ವರ್ಷಕ್ಕೆರಡು ಸಲ ಬಂದು ಕೊಳವೆ ಜಾಡಿಸಿ ಬಿರುಕು ಮುಚ್ಚುವ ಒಬ್ಬ ಒಲೆಯ ಮೇಸ್ತ್ರಿಯನ್ನು ಗ್ರಾಮ ಪಂಚಾಯತಿಯು ನೇಮಿಸಿದರೆ, ಹೊಸ ಯಂತ್ರದ ಬಡ್ಡಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಕಣ್ಣುಗಳು ಉಳಿದಾವು. 2019ರ ಅಗಸ್ಟದಲ್ಲಿ ಕೃಷ್ಣೆಯು ಉಕ್ಕಿ ಊರೊಳಗೆ ಬಂದಾಗ ಕುಳ್ಳಿನ ಬಣವೆಗಳೂ ಕಟ್ಟಿಗೆಯ ಒಟ್ಟಿಲುಗಳೂ ಹೇಗೆ ತೇಲಿಹೋದವೆಂಬುದನ್ನು ನದೀದಂಡೆಯವರು ಮರೆತಿರಲಾರರು. ಪರಿಹಾರ ಕೇಂದ್ರಗಳಿಗಾಗಿ ತಾಲೂಕಿನ ಅಧಿಕಾರಿಗಳು ಎತ್ತರದ ಸ್ಥಳದಲ್ಲಿ ಕೆಲವು ಟನ್ನು ಗುಳಿಗೆಯನ್ನು, ಗಾಳಿಯಾಡುವ ಪತ್ರಾಸಿನ ಕೆಳಗೆ, ಮಳೆಗಾಲಕ್ಕೆ ಮುಂಚೆ ಸಂಗ್ರಹಿಸಿಡುವದಾದರೆ ಅದು ಈ ಉರುವಲಿನ ನಿಜವಾದ ಸದುಪಯೋಗವಾದೀತು. ಕಟ್ಟಿಗೆಗಿಂತ ಕಡಿಮೆ ಸ್ಥಳದಲ್ಲಿ ಹೆಚ್ಚು ಶಾಖವು ಹಿಡಿಯುವದೇ ಅದರ ಮುಖ್ಯ ಗುಣವಷ್ಟೆ.

ಬರುವ ಕಬ್ಬಿನ ಹಂಗಾಮು ಆರಂಭವಾಗುವದಕ್ಕೆ ಮೊದಲು ನಾಲ್ಕೂ ತಾಲೂಕುಗಳ ಪಂಚಾಯತಿಗಳು ಒಂದು ಎಣಿಕೆಯನ್ನು ಮಾಡಿಸಲಿ: ಹತ್ತಿ-ತೊಗರಿಗಳ ಕಟ್ಟಿಗೆಯು ಎಷ್ಟು, ಅದರಲ್ಲಿ ಈಗಾಗಲೇ ಒಲೆಗೆ ಹೋಗುವದೆಷ್ಟು, ಬದುವಿನಲ್ಲಿ ಕೊಳೆಯುವದೆಷ್ಟು, ಆರಿಸಿ ತಂದು ಬದುಕುವ ಮನೆಗಳು ಎಷ್ಟು. ಆ ಅಂಕೆಗಳು ಕೈಗೆ ಬರುವ ತನಕ ಗುಳಿಗೆಯ ಕಾರ್ಖಾನೆಗೆ ಜಮೀನು, ಸಾಲ, ಅನುದಾನಗಳನ್ನು ಕೊಡುವ ಯಾವ ಠರಾವನ್ನೂ ಪಾಸು ಮಾಡಬಾರದೆಂದು ಸದಸ್ಯರನ್ನು ನಾವು ವಿನಂತಿಸುತ್ತೇವೆ.